ಮನೆಯೊಳಗೆ ಕಲಿತ ಕವಿ: ಲಿಯೊನಾ ಫ್ಲೊರೆಂಟಿನೊ

ಫಿಲಿಪ್ಪೀನ್ಸ್ ದೇಶದ ಅತಿ ದೊಡ್ಡ ದ್ವೀಪ ಲುಝೋನ್. ಅದರ ವಾಯವ್ಯ ಕರಾವಳಿಯಲ್ಲಿ ಇಲೊಕೊಸ್ ಎಂಬ ಸೀಮೆಯಿದೆ. ಅಲ್ಲಿನ ಜನರ ನುಡಿ ಇಲೊಕಾನೊ. ಆ ಸೀಮೆಯ ವಿಗಾನ್ ಪಟ್ಟಣದ ಅನುಕೂಲಸ್ಥ ಮನೆತನವೊಂದರಲ್ಲಿ 1849ರ ಏಪ್ರಿಲ್ 19ರಂದು ಲಿಯೊನಾ ಫ್ಲೊರೆಂಟಿನೊ ಜನಿಸಿದಳು. ಸ್ಪೇನಿನ ಆಳ್ವಿಕೆ ಆ ದ್ವೀಪಗಳಲ್ಲಿ ಬೇರೂರಿ ಆಗ ಸುಮಾರು 280 ವರ್ಷಗಳು ಕಳೆದಿದ್ದವು. ಫಿಲಿಪ್ಪೀನ್ಸಿನ ಮಹಿಳಾ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಇಂದು ಬಹುಮಟ್ಟಿಗೆ ಆಕೆಯ ಹೆಸರಿನಿಂದಲೇ ಆರಂಭಿಸುತ್ತಾರೆ. ಆದರೆ ಆಕೆಯ ಬಾಳಿನಲ್ಲಿ ವಿಶ್ವವಿದ್ಯಾಲಯವೆಂಬುದು ಬರಲೇ ಇಲ್ಲ. ಆಕೆಯ ಕವಿತೆಗಳು ಕಡಲು ದಾಟಿ ಕೀರ್ತಿ ಪಡೆದದ್ದು ಆಕೆ ಕಣ್ಮುಚ್ಚಿದ ಮೇಲೆ.

ವಿಶ್ವವಿದ್ಯಾಲಯವೇ ಇಲ್ಲದ ನಾಡೇನೂ ಅದಾಗಿರಲಿಲ್ಲ. ಮನಿಲಾ ನಗರದಲ್ಲಿ ಸಾಂತೊ ತೊಮಾಸ್ ವಿದ್ಯಾಪೀಠವು 1611ರಲ್ಲಿಯೇ ಸ್ಥಾಪನೆಗೊಂಡಿತ್ತು. ಆದರೆ ಅದು ಗಂಡಸರಿಗಾಗಿ ಇದ್ದ ವಿದ್ಯಾಪೀಠ. ಹೆಣ್ಣುಮಕ್ಕಳಿಗೆ ಅದರ ಬಾಗಿಲು ತೆರೆದದ್ದು 1924ರಲ್ಲಿ, ಅಂದರೆ ಲಿಯೊನಾ ತೀರಿಕೊಂಡು 40 ವರ್ಷಗಳಾದ ಮೇಲೆ. ಉಳ್ಳವರ ಮನೆಯ ಹೆಣ್ಣುಮಕ್ಕಳಿಗೆ ಸಾಂತಾ ಇಸಬೆಲ್, ಸಾಂತಾ ಕತಲಿನಾ ಮೊದಲಾದ, ಸನ್ಯಾಸಿನಿಯರು ನಡೆಸುತ್ತಿದ್ದ ಶಾಲೆಗಳಿದ್ದವು. ಅಲ್ಲಿ ಜಪ, ಓದು, ಬರಹ, ಕಸೂತಿ, ಸಂಗೀತ ಮತ್ತು ಮನೆವಾರ್ತೆಗಳ ಕಲಿಕೆ ನಡೆಯುತ್ತಿತ್ತು. ಒಳ್ಳೆಯ ಮಡದಿ, ಒಳ್ಳೆಯ ತಾಯಿ, ಇಲ್ಲವೆ ಸನ್ಯಾಸಿನಿ: ವಿದ್ಯೆ ಹೆಣ್ಣಿಗೆ ತೋರಿದ ದಾರಿಗಳು ಇವು.

ಲಿಯೊನಾಳ ಮೊದಲ ಶಾಲೆ ಅವಳ ಮನೆಯೇ. ಅಕ್ಷರ ಕಲಿಸಿದವಳು ತಾಯಿ. ಅನಂತರ ಎವಾರಿಸ್ಟೊ ಅಬಯಾ ಎಂಬ ಪಾದ್ರಿ ಆಕೆಗೆ ಸ್ಪ್ಯಾನಿಷ್ ಕಲಿಸಿದರು. ಅವರೂ ಇಲೊಕಾನೊ ಜನಾಂಗದವರೇ. ಹುಡುಗಿಯ ಕವಿತಾಶಕ್ತಿಯನ್ನು ಗುರುತಿಸಿ ಅವರು ಆಕೆಗೆ ಒತ್ತಾಸೆಯಾಗಿ ನಿಂತರು. ಹತ್ತರ ಹರೆಯದ ಸುಮಾರಿಗೇ ಆಕೆ ಇಲೊಕಾನೊದಲ್ಲಿ ಪದ್ಯ ಕಟ್ಟತೊಡಗಿದ್ದಳು. ಹೀಗೆ ವಿದ್ಯಾಪೀಠದ ಹೊರಗೆ ನಿಂತ ಹುಡುಗಿಯೊಬ್ಬಳಿಗೆ ಎರಡು ಭಾಷೆಗಳು ಒಲಿದವು: ಒಂದು ಮನೆಯ ನುಡಿ, ಇನ್ನೊಂದು ಆಳುವವರ ನುಡಿ.

1863ರ ಡಿಸೆಂಬರ್‌ನಲ್ಲಿ ಸ್ಪೇನ್ ಸರಕಾರವು ಶಿಕ್ಷಣದ ಆಜ್ಞೆಯೊಂದನ್ನು ಹೊರಡಿಸಿತು. ಪ್ರತಿ ಊರಿನಲ್ಲಿಯೂ ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ಪ್ರಾಥಮಿಕ ಶಾಲೆ ಇರಬೇಕು, ಬೋಧನೆ ಸ್ಪ್ಯಾನಿಷ್ ಭಾಷೆಯಲ್ಲಿ ನಡೆಯಬೇಕು ಎಂಬುದು ಅದರ ಸಾರ. ಹೆಣ್ಣುಮಕ್ಕಳ ಕಲಿಕೆಯನ್ನು ಸರಕಾರ ತನ್ನ ಹೊಣೆಯೆಂದು ಒಪ್ಪಿಕೊಂಡದ್ದು ದೊಡ್ಡ ಸಂಗತಿಯೇ ಸರಿ. ಆದರೆ ಪಾಠಕ್ರಮದಲ್ಲಿ ಭೇದವಿತ್ತು. ಗಂಡುಮಕ್ಕಳಿಗೆ ಭೂಗೋಳ, ಚರಿತ್ರೆ, ಬೇಸಾಯಗಳ ಪಾಠ; ಹೆಣ್ಣುಮಕ್ಕಳಿಗೆ ಆ ಜಾಗದಲ್ಲಿ ಸೂಜಿ ದಾರ. ಶಾಲೆಗಳ ಮೇಲ್ವಿಚಾರಣೆ ಊರ ಪಾದ್ರಿಯ ಕೈಯಲ್ಲಿ ಉಳಿಯಿತು. ಈ ಆಜ್ಞೆ ಹೊರಟಾಗ ಲಿಯೊನಾಳಿಗೆ 14 ವರ್ಷ. ಅದೇ ವಯಸ್ಸಿನಲ್ಲಿ ಎಲಿಯಾಸ್ ದೆ ಲೊಸ್ ರೇಯೆಸ್ ಎಂಬುವನೊಂದಿಗೆ ಆಕೆಯ ಮದುವೆಯಾಗಿತ್ತು. ಮರುವರ್ಷ ಜುಲೈಯಲ್ಲಿ ಮಗ ಇಸಬೆಲೊ ಹುಟ್ಟಿದ. ಒಟ್ಟು ಐವರು ಮಕ್ಕಳ ತಾಯಿಯಾದಳು.

ಸಂಸಾರದ ನಡುವೆಯೇ ಕಾವ್ಯವೂ ಸಾಗಿತು. ಸ್ಪ್ಯಾನಿಷ್‌ನಲ್ಲಿಯೂ ಬರೆಯಬಲ್ಲವಳಾಗಿದ್ದ ಆಕೆ ಇಂದು ನೆನಪಾಗುವುದು ಇಲೊಕಾನೊ ಕವಿತೆಗಳಿಂದ. ಗೆಳತಿಯರ ಹುಟ್ಟುಹಬ್ಬ, ಬಂಧುಗಳ ಸಂತೋಷಕೂಟ, ಅಗಲಿಕೆ, ಕೈಗೂಡದ ಪ್ರೀತಿ ಅವುಗಳ ವಸ್ತು. ಹರಕೆಯ ನಡುವೆ ಚೇಷ್ಟೆಯ ಮಾತು ನುಸುಳುತ್ತದೆ; ಶುಭಾಶಯವೇ ಒಮ್ಮೊಮ್ಮೆ ವಿಡಂಬನೆಯಾಗುತ್ತದೆ. ಪ್ರೀತಿಯ ನೋವನ್ನು ಹೆಣ್ಣೊಬ್ಬಳು ತನ್ನದೇ ಬಾಯಿಂದ, ಮರೆಮಾಚದೆ ಆಡಿದ್ದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. ಇವು ಅಚ್ಚಿಗಾಗಿ ಹುಟ್ಟಿದ ರಚನೆಗಳಲ್ಲ, ಮನೆಯಂಗಳದಲ್ಲಿ ಓದಿ ಕೇಳಿಸುವುದಕ್ಕಾಗಿ ಹುಟ್ಟಿದವು. ಆದುದರಿಂದಲೇ ಅವು ಆಕೆಯೊಡನೆ ಅಳಿದುಹೋಗುವ ಸಂಭವವೇ ಹೆಚ್ಚಾಗಿತ್ತು.

1884ರ ಅಕ್ಟೋಬರ್ 4ರಂದು, ತನ್ನ 35ನೆಯ ವಯಸ್ಸಿನಲ್ಲಿ ಲಿಯೊನಾ ತೀರಿಕೊಂಡಳು. ಮಗ ಇಸಬೆಲೊ ಆಗ 20ರ ತರುಣ. ನಾಲ್ಕು ವರ್ಷಗಳ ಹಿಂದೆಯೇ ಮನಿಲಾಕ್ಕೆ ಹೋಗಿ, ಓದಿನ ಜೊತೆಗೆ ಪತ್ರಿಕಾವೃತ್ತಿಯಲ್ಲಿಯೂ ತೊಡಗಿದ್ದ. ಮುಂದೆ ತನ್ನ ನಾಡಿನ ಜಾನಪದವನ್ನು ಸಂಗ್ರಹಿಸಲು ಕೈಹಾಕಿದವರಲ್ಲಿ ಅವನು ಅಗ್ರಗಣ್ಯನಾದ. ಅವನ ಫಿಲಿಪ್ಪೀನ್ ಜಾನಪದ ಸಂಗ್ರಹಕ್ಕೆ 1887ರ ಮ್ಯಾಡ್ರಿಡ್ ಪ್ರದರ್ಶನದಲ್ಲಿ ಬೆಳ್ಳಿಯ ಪದಕ ದೊರೆಯಿತು. 1889ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ ಇಲೊಕೊಸ್ ಸೀಮೆಯ ನಂಬಿಕೆ, ಆಚರಣೆಗಳ ಜೊತೆಗೆ ಅವನು ತಾಯಿಯ ಕವಿತೆಗಳನ್ನೂ ಸೇರಿಸಿದ. ಲೋಕದ ಲೇಖಕಿಯರ ಬರಹಗಳನ್ನು ಒಟ್ಟುಗೂಡಿಸುತ್ತಿದ್ದ ಆಂಜಿಯಾ ವೋಲ್ಸ್ಕಾ ಎಂಬ ಮಹಿಳೆಯ ಮೂಲಕ ಅದೇ ವರ್ಷ ಅವು ಪ್ಯಾರಿಸ್‌ವರೆಗೂ ತಲುಪಿದವು. ಹೀಗೆ ಇಪ್ಪತ್ತರ ಆಸುಪಾಸಿನಷ್ಟು ಕವಿತೆಗಳು ಉಳಿದುಕೊಂಡವು. ಒಬ್ಬ ಕವಿಯ ಸ್ವಂತ ರಚನೆ ಲೋಕದ ಕಣ್ಣಿಗೆ ಬಿದ್ದದ್ದು ಜಾನಪದದ ಮಾದರಿಯಾಗಿ ಎಂಬ ವಿಪರ್ಯಾಸವನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. ಮಗನ ಪ್ರೀತಿ ಇಲ್ಲದಿದ್ದರೆ ಆ ಮಾದರಿಯೂ ಉಳಿಯುತ್ತಿರಲಿಲ್ಲ.

ಲಿಯೊನಾ ತೀರಿಕೊಂಡ ನಾಲ್ಕು ವರ್ಷಗಳಿಗೆ, 1888ರ ಡಿಸೆಂಬರ್ 12ರಂದು, ಮನಿಲಾದ ಉತ್ತರಕ್ಕಿರುವ ಮಾಲೊಲೊಸ್ ಪಟ್ಟಣದಲ್ಲಿ 20 ಮಂದಿ ತರುಣಿಯರು ಗವರ್ನರ್ ಜನರಲ್ ವೇಯ್ಲರ್‌ಗೆ ಅರ್ಜಿಯೊಂದನ್ನು ಸಲ್ಲಿಸಿದರು. ತಮಗೆ ಸ್ಪ್ಯಾನಿಷ್ ಕಲಿಯಲು ರಾತ್ರಿಶಾಲೆ ಬೇಕು ಎಂಬುದು ಅವರ ಕೋರಿಕೆ. ಊರ ಪಾದ್ರಿ ವಿರೋಧಿಸಿದ. ಆಳುವವರ ಭಾಷೆ ಬಂದರೆ ಕಾನೂನು ತಿಳಿಯುತ್ತದೆ, ಪಾದ್ರಿಯ ನಡುವಸ್ತಿಕೆಯಿಲ್ಲದೆ ಸರಕಾರದೊಡನೆ ನೇರವಾಗಿ ಮಾತನಾಡಬಹುದು. ವಿರೋಧದ ಮೂಲ ಅಲ್ಲಿತ್ತು. ತರುಣಿಯರು ಪಟ್ಟು ಬಿಡದೆ ಅನುಮತಿ ಪಡೆದರು. ಶಾಲೆ ಕೆಲವೇ ತಿಂಗಳು ನಡೆದು ಮುಚ್ಚಿತಾದರೂ ಆ ಅರ್ಜಿ ಚರಿತ್ರೆಯಲ್ಲಿ ಉಳಿಯಿತು. 1898ರಲ್ಲಿ ಸ್ಪೇನಿನ ಆಳ್ವಿಕೆ ಹೋಗಿ ಅಮೆರಿಕದ ಆಳ್ವಿಕೆ ಬಂತು. ಶಾಲೆಯ ಭಾಷೆ ಇಂಗ್ಲಿಷ್ ಆಯಿತು. ಶಿಕ್ಷಕಿಯರಾಗಿ, ವೈದ್ಯೆಯರಾಗಿ ಹೊರಬಂದ ಹೆಣ್ಣುಮಕ್ಕಳು ಸಂಘಗಳನ್ನು ಕಟ್ಟಿ ಮತದಾನದ ಹಕ್ಕನ್ನು ಕೇಳಿದರು. 1937ರ ಏಪ್ರಿಲ್ 30ರಂದು ಆ ಬಗ್ಗೆ ಮಹಿಳೆಯರೇ ಮತ ನೀಡಿದರು. ಬೇಕಾಗಿದ್ದುದು 3 ಲಕ್ಷ ಒಪ್ಪಿಗೆಯ ಮತ, ಬಿದ್ದದ್ದು 4,47,725.

ಮಾಲೊಲೊಸ್‌ನ ತರುಣಿಯರು ಆಳುವವರ ಭಾಷೆಯನ್ನು ಹೋರಾಡಿ ಪಡೆಯಬೇಕಾಯಿತು. ಆ ಭಾಷೆಯನ್ನು ಬಲ್ಲ ಲಿಯೊನಾ ತನ್ನ ನಗುವನ್ನೂ ನೋವನ್ನೂ ಮನೆಯ ಭಾಷೆಗೆ ಒಪ್ಪಿಸಿದಳು. ಇವು ಪರಸ್ಪರ ವಿರುದ್ಧವಾದ ದಾರಿಗಳೆಂದು ನಾನು ಭಾವಿಸುವುದಿಲ್ಲ. ಒಂದು ಶಾಲೆಯಲ್ಲಿ ಮರಾಠಿ, ಒಂದು ಶಾಲೆಯಲ್ಲಿ ಕನ್ನಡ ಓದಿ ಬೆಳೆದ ನನಗೆ, ಎರಡೂ ಬೇಕೆಂಬುದು ಅನುಭವದಿಂದ ತಿಳಿದ ಮಾತು. ಐಚ್ಛಿಕ ಕನ್ನಡವನ್ನು ಆರಿಸಿಕೊಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂದು ವಿಗಾನ್ ಪಟ್ಟಣದಲ್ಲಿ ಲಿಯೊನಾಳ ಪ್ರತಿಮೆಯಿದೆ. ಅವಳ ಪದ್ಯಗಳನ್ನು ಬರೆದಿಟ್ಟುಕೊಳ್ಳಲು ಒಬ್ಬ ಮಗನಿದ್ದ. ನಮ್ಮ ಗಡಿಯೂರುಗಳ ಮನೆಗಳಲ್ಲಿಯೂ ಬೀಸುವ ಪದ, ಜೋಗುಳದ ಪದ ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಈ ರಜೆಯಲ್ಲಿ ಊರಿಗೆ ಹೋಗುವಾಗ ಒಂದು ನೋಟುಪುಸ್ತಕವನ್ನು ಜೊತೆಗೆ ಒಯ್ಯಿರಿ. ಪದದ ಕೆಳಗೆ ಹಾಡಿದವರ ಹೆಸರನ್ನೂ ತಪ್ಪದೆ ಬರೆಯಿರಿ.