ಸೈಕಲ್ ಯಾತ್ರಿಕ ವೆಲೋಸಿಯೋ

ಏರುದಾರಿಯಲ್ಲಿ ಸೈಕಲ್ಲಿನಿಂದ ಇಳಿದು, ಹ್ಯಾಂಡಲನ್ನು ಹಿಡಿದು, ಏದುಸಿರು ಬಿಡುತ್ತ ತಳ್ಳಿಕೊಂಡು ಹೋದ ಅನುಭವ ನಿಮ್ಮಲ್ಲಿ ಅನೇಕರಿಗೆ ಇದ್ದೇ ಇರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಗಾಳಿಯಂತೆ ಓಡುವ ವಾಹನವು ಏರು ಬಂದೊಡನೆ ಹೊರೆಯಾಗಿಬಿಡುತ್ತದೆ. ಇದು ಸೈಕಲ್ಲಿನ ಸಹಜ ಗುಣ, ಇದಕ್ಕೆ ಮದ್ದಿಲ್ಲ ಎಂದು ಬಹಳ ಮಂದಿ ನಂಬಿದ್ದ ಕಾಲವೊಂದಿತ್ತು. ಮದ್ದುಂಟು ಎಂದು ಹೇಳಿ, ಅದನ್ನು ತೋರಿಸಿಕೊಡುವುದಕ್ಕಾಗಿ ಜೀವಮಾನದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಡಿಪಾಗಿಟ್ಟವರಲ್ಲಿ ಫ್ರಾನ್ಸ್ ದೇಶದ ಪಾಲ್ ದ ವಿವೀ ಪ್ರಮುಖನು. ವೆಲೋಸಿಯೋ ಎಂಬ ಲೇಖನನಾಮದಿಂದಲೇ ಅವನು ಹೆಚ್ಚು ಪ್ರಸಿದ್ಧನಾದನು.

ವೆಲೋಸಿಯೋ 1853ರ ಏಪ್ರಿಲ್ ತಿಂಗಳಲ್ಲಿ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಪೆರ್ನ್ ಎಂಬ ಊರಿನಲ್ಲಿ ಜನಿಸಿದನು. ಪ್ರಾಯಕ್ಕೆ ಬಂದ ಮೇಲೆ ರೇಷ್ಮೆಯ ವ್ಯಾಪಾರವನ್ನು ಕಲಿತು, ಸೇಂಟ್ ಎಟಿಯೆನ್ ನಗರದಲ್ಲಿ ನೆಲೆಸಿದನು. ಕಲ್ಲಿದ್ದಲಿನ ಗಣಿಗಳಿಗೂ ಬಂದೂಕಿನ ಕಾರ್ಖಾನೆಗಳಿಗೂ ರೇಷ್ಮೆಯ ಪಟ್ಟಿಗಳ ನೇಯ್ಗೆಗೂ ಹೆಸರಾಗಿದ್ದ ಆ ನಗರವನ್ನು ಬೆಟ್ಟಗಳು ಸುತ್ತುವರಿದಿವೆ. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಏರು ಹತ್ತದೆ ಗತ್ಯಂತರವಿಲ್ಲ. ಅವನು ಬಯಲುಸೀಮೆಯಲ್ಲಿ ವಾಸವಾಗಿದ್ದರೆ ಸೈಕಲ್ಲಿನ ಇತಿಹಾಸದಲ್ಲಿ ಅವನ ಹೆಸರು ಬರುತ್ತಿತ್ತೋ ಇಲ್ಲವೋ!

ಅವನು ಮೊದಲನೆಯ ಸೈಕಲ್ಲನ್ನು ಕೊಂಡದ್ದು 1881ರಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ. ಅದು ಆ ಕಾಲದ ಎತ್ತರದ ಸೈಕಲ್ಲು. ಮುಂದಿನ ಗಾಲಿ ಸವಾರನ ಎದೆಯೆತ್ತರಕ್ಕೆ, ಹಿಂದಿನದು ಬಹು ಚಿಕ್ಕದು. ಪೆಡಲುಗಳು ಮುಂದಿನ ಗಾಲಿಗೇ ಜೋಡಿಸಲ್ಪಟ್ಟಿದ್ದುದರಿಂದ ಒಂದು ಸಲ ತುಳಿದರೆ ಗಾಲಿ ಒಂದು ಸಲ ಮಾತ್ರ ಸುತ್ತುತ್ತಿತ್ತು. ಕಾಲು ಉದ್ದವಾಗಿದ್ದವನು ದೊಡ್ಡ ಗಾಲಿಯನ್ನು ಆರಿಸಿಕೊಳ್ಳಬಹುದಾಗಿತ್ತು. ಗಿಡ್ಡನಾದವನಿಗೆ ಆ ಭಾಗ್ಯವಿರಲಿಲ್ಲ. ಬಿದ್ದರೆ ತಲೆಕೆಳಗಾಗಿಯೇ ಬೀಳಬೇಕು. ಆದರೂ ವೆಲೋಸಿಯೋ ಗೆಳೆಯನೊಬ್ಬನ ಪಂಥವನ್ನು ಒಪ್ಪಿಕೊಂಡು, ಅದರ ಮೇಲೆಯೇ ಬೆಟ್ಟದ ದಾರಿಯಲ್ಲಿ ನೂರು ಕಿಲೊಮೀಟರ್ ಸವಾರಿ ಮಾಡಿದನು. ಹಳ್ಳಿ, ಕಾಡು, ಕಣಿವೆಗಳ ಚೆಲುವು ಅವನ ಮನಸ್ಸನ್ನು ಸೂರೆಗೊಂಡಿತು. ಅಂದಿನಿಂದ ರೇಷ್ಮೆಯ ಲೆಕ್ಕದ ಪುಸ್ತಕಗಳು ಅವನಿಗೆ ನೀರಸವಾಗಿ ತೋರತೊಡಗಿದುವು.

1887ರಲ್ಲಿ ಅವನು ಧೈರ್ಯದ ಹೆಜ್ಜೆಯೊಂದನ್ನಿಟ್ಟನು. ಅನ್ನ ಕೊಡುತ್ತಿದ್ದ ರೇಷ್ಮೆಯ ವ್ಯಾಪಾರವನ್ನು ಮಾರಿ ಸೈಕಲ್ ಅಂಗಡಿಯನ್ನು ತೆರೆದನು. ಅದರ ಜೊತೆಗೆ ಸೈಕಲ್ ಸವಾರರಿಗಾಗಿ ಒಂದು ಪತ್ರಿಕೆಯನ್ನೂ ಆರಂಭಿಸಿದನು. ‘ಲ ಸಿಕ್ಲಿಸ್ಟ್’ ಎಂಬ ಹೆಸರಿನಿಂದ ಖ್ಯಾತವಾದುದು ಈ ಪತ್ರಿಕೆಯೇ. ಆಗ ಉತ್ತಮ ಸೈಕಲ್ಲುಗಳು ಇಂಗ್ಲೆಂಡಿನ ಕೊವೆಂಟ್ರಿ ನಗರದಿಂದ ಬರುತ್ತಿದ್ದುವು. ಅವನ್ನು ತರಿಸಿ ಮಾರುತ್ತಿದ್ದ ವೆಲೋಸಿಯೋ 1889ರಲ್ಲಿ ‘ಗೊಲ್ವಾಜ್’ ಎಂಬ ತನ್ನದೇ ಸೈಕಲ್ಲನ್ನು ಹೊರತಂದನು. ಸಮಾನ ಗಾತ್ರದ ಎರಡು ಗಾಲಿಗಳು, ಹಿಂದಿನ ಗಾಲಿಯನ್ನು ತಿರುಗಿಸುವ ಸರಪಣಿ, ಇವೆಲ್ಲ ಅದರಲ್ಲಿದ್ದುವು. ಗೇರು ಮಾತ್ರ ಒಂದೇ.

ಸೇಂಟ್ ಎಟಿಯೆನ್ ನಗರದ ದಕ್ಷಿಣಕ್ಕೆ ಸುಮಾರು 1160 ಮೀಟರ್ ಎತ್ತರದ ರೆಪುಬ್ಲೀಕ್ ಎಂಬ ಘಾಟಿಯಿದೆ. ಒಂದು ದಿನ ವೆಲೋಸಿಯೋ ತನ್ನ ಗೊಲ್ವಾಜ್ ಸೈಕಲ್ಲನ್ನೇರಿ ಈ ಘಾಟಿಯನ್ನು ಬಲು ಕಷ್ಟದಿಂದ ಹತ್ತುತ್ತಿದ್ದಾಗ, ಅವನ ಪತ್ರಿಕೆಯ ಓದುಗನೇ ಆದ ಒಬ್ಬ ತರುಣನು, ಬಾಯಲ್ಲಿ ಹೊಗೆಕೊಳವೆಯನ್ನಿಟ್ಟುಕೊಂಡು, ಅವನನ್ನು ಹಿಂದೆ ಹಾಕಿ ಮುಂದೆ ಹೋದನೆಂದು ಹೇಳುತ್ತಾರೆ. ಇನ್ನೊಬ್ಬನಾಗಿದ್ದರೆ ನಾಚಿಕೊಂಡು ಸುಮ್ಮನಾಗುತ್ತಿದ್ದನು, ಇಲ್ಲವೆ ಮರುದಿನದಿಂದ ಕಾಲಿನ ಬಲವನ್ನು ಹೆಚ್ಚಿಸಿಕೊಳ್ಳಲು ತೊಡಗುತ್ತಿದ್ದನು. ವೆಲೋಸಿಯೋ ಮಾಡಿದುದೇ ಬೇರೆ. ಅವನು ಸೈಕಲ್ಲಿನ ಹಲ್ಲುಚಕ್ರಗಳ ಕಡೆ ನೋಡಿದನು.

ಇಲ್ಲಿ ಸ್ವಲ್ಪ ಲೆಕ್ಕವನ್ನು ಗಮನಿಸಬೇಕು. ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 44 ಹಲ್ಲುಗಳು, ಹಿಂದಿನ ಗಾಲಿಯ ಹಲ್ಲುಚಕ್ರದಲ್ಲಿ 16 ಹಲ್ಲುಗಳು ಇವೆಯೆಂದು ಇಟ್ಟುಕೊಳ್ಳೋಣ. ಪೆಡಲು ಒಂದು ಸುತ್ತು ಬಂದರೆ ಗಾಲಿ ಎರಡೂಮುಕ್ಕಾಲು ಸುತ್ತು ಬರುತ್ತದೆ. ಗಾಲಿಯ ವ್ಯಾಸ 66 ಸೆಂಟಿಮೀಟರ್ ಆದರೆ, ಸೈಕಲ್ಲು ಸುಮಾರು 5.7 ಮೀಟರ್ ಮುಂದಕ್ಕೆ ಹೋಗುತ್ತದೆ. ಬಯಲಿಗೆ ಇದು ಒಳ್ಳೆಯದು. ಏರಿನಲ್ಲಿ ಕಾಲು ಸೋಲುತ್ತದೆ. ಹಿಂದಿನ ಚಕ್ರದಲ್ಲಿ 22 ಹಲ್ಲುಗಳಿದ್ದರೆ ಒಂದು ತುಳಿತಕ್ಕೆ ಸಾಗುವ ದೂರ ಸುಮಾರು 4.1 ಮೀಟರಿಗೆ ಇಳಿಯುತ್ತದೆ. ಆಗ ಏರು ಸುಲಭವಾಗುತ್ತದೆ, ಆದರೆ ಬಯಲಿನಲ್ಲಿ ಎಷ್ಟು ತುಳಿದರೂ ವೇಗ ಬಾರದು. ಬೆಟ್ಟವನ್ನೂ ಬಯಲನ್ನೂ ಒಂದೇ ದಿನದಲ್ಲಿ ದಾಟಬೇಕಾದ ಯಾತ್ರಿಕನಿಗೆ ಒಂದೇ ಅನುಪಾತ ಸಾಲದು. ದಾರಿ ಬದಲಾದಂತೆ ಅನುಪಾತವೂ ಬದಲಾಗಬೇಕು.

ಹೇಳುವುದು ಸುಲಭ, ಮಾಡುವುದು ಕಷ್ಟ. ಮೊದಮೊದಲು ಅವನು ಮುಂದೆ ಎರಡು ಹಲ್ಲುಚಕ್ರಗಳನ್ನಿಟ್ಟು, ಏರು ಬಂದಾಗ ಕೆಳಗಿಳಿದು, ಸರಪಣಿಯನ್ನು ಕೈಯಿಂದಲೇ ಎತ್ತಿ ಒಂದರಿಂದ ಇನ್ನೊಂದಕ್ಕೆ ಹಾಕುತ್ತಿದ್ದನು. ಎಣ್ಣೆಮಸಿಯಿಂದ ಕೈ ಕಪ್ಪಾಗುತ್ತಿತ್ತು. ಅನಂತರ ಬೇರೆ ಬೇರೆ ಕುಶಲಿಗಳು ರೂಪಿಸಿದ ಸಾಧನಗಳನ್ನು ಒಂದೊಂದಾಗಿ ತನ್ನ ಸೈಕಲ್ಲಿಗೆ ಜೋಡಿಸಿ, ನೂರಾರು ಕಿಲೊಮೀಟರ್ ಓಡಿಸಿ, ಅವುಗಳ ಗುಣದೋಷಗಳನ್ನು ಪತ್ರಿಕೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದನು. ಸವಾರನು ಇಳಿಯದೆಯೇ ಸರಪಣಿಯನ್ನು ಪಕ್ಕಕ್ಕೆ ಸರಿಸುವ ಡಿರೈಲರ್ ಎಂಬ ಸಾಧನವು ಬಳಕೆಗೆ ಬಂದುದರಲ್ಲಿ ಅವನ ಮತ್ತು ಅವನ ನಗರದ ಕುಶಲಿಗಳ ಪಾಲು ದೊಡ್ಡದು. ಸಾಧನಗಳ ಹಕ್ಕುಪತ್ರಕ್ಕಾಗಿ ಹೊಡೆದಾಡುವ ಸ್ವಭಾವ ಅವನದಲ್ಲ. ಜನರು ಸುಖವಾಗಿ ಪ್ರಯಾಣ ಮಾಡಿದರೆ ಅವನಿಗೆ ಸಾಕಾಗಿತ್ತು.

ಇಷ್ಟಾದರೂ ಲೋಕ ಅವನ ಮಾತಿಗೆ ಒಡನೆಯೇ ತಲೆದೂಗಲಿಲ್ಲ. ಗೇರು ಬೇಕೆನ್ನುವುದು ದುರ್ಬಲರ ಲಕ್ಷಣವೆಂಬ ಭಾವನೆ ಬಲವಾಗಿತ್ತು. 1902ರಲ್ಲಿ ಫ್ರಾನ್ಸಿನ ಪ್ರವಾಸಿ ಸಂಘವು ಪಿರನೀಸ್ ಪರ್ವತಗಳಲ್ಲಿ ಸೈಕಲ್ಲುಗಳ ಪರೀಕ್ಷೆಯೊಂದನ್ನು ಏರ್ಪಡಿಸಿತು. ಅದರಲ್ಲಿ ಮಾರ್ತ್ ಹೆಸ್ ಎಂಬ ಮಹಿಳೆಯು ಮೂರು ಗೇರುಗಳ ಗೊಲ್ವಾಜ್ ಸೈಕಲ್ಲನ್ನೇರಿ, ತೂರ್ಮಾಲೆ ಎಂಬ ಕಡಿದಾದ ಘಾಟಿಯನ್ನು ನೆಲಕ್ಕೆ ಕಾಲೂರದೆ ಹತ್ತಿ ಎಲ್ಲರನ್ನೂ ಬೆರಗುಗೊಳಿಸಿದಳು. ಆಗಲೂ ಹೆಸರಾಂತ ಕ್ರೀಡಾಸಂಪಾದಕನಾದ ಆಂರಿ ದೆಗ್ರಾಂಜ್ ಒಪ್ಪಲಿಲ್ಲ. ಗೇರುಗಳು 45 ವರ್ಷ ದಾಟಿದವರಿಗೆ ಮಾತ್ರ ತಕ್ಕವು, ತೋಳು ತೊಡೆಗಳ ಬಲದಿಂದ ಗೆಲ್ಲುವುದೇ ಮೇಲು ಎಂದು ಅವನು ಹಾಸ್ಯಮಾಡಿದನು. ಮರುವರ್ಷ ಅವನೇ ಪ್ರಾರಂಭಿಸಿದ ‘ತೂರ್ ದ ಫ್ರಾನ್ಸ್’ ಪಂದ್ಯವು ರೆಪುಬ್ಲೀಕ್ ಘಾಟಿಯ ಮೇಲೆಯೇ ಹಾದುಹೋಯಿತು. ಮುಂದೆ ಎಷ್ಟೋ ವರ್ಷಗಳ ಕಾಲ ಅದರ ಸ್ಪರ್ಧಿಗಳು ಬೆಟ್ಟದ ಬುಡದಲ್ಲಿ ನಿಂತು, ಹಿಂದಿನ ಗಾಲಿಯನ್ನು ಬಿಚ್ಚಿ, ಮತ್ತೊಂದು ಮಗ್ಗುಲಿನ ಹಲ್ಲುಚಕ್ರಕ್ಕೆ ಸರಪಣಿ ಬರುವಂತೆ ತಿರುಗಿಸಿ ಹಾಕಿಕೊಳ್ಳುತ್ತಿದ್ದರು!

ದೆಗ್ರಾಂಜನ ಮಾತಿನಲ್ಲಿ ಸತ್ಯಾಂಶವೇ ಇರಲಿಲ್ಲವೆಂದಲ್ಲ. ಆ ಕಾಲದ ಗೇರುಗಳು ಭಾರವಾಗಿದ್ದುವು. ಸರಪಣಿ ಕಳಚಿಕೊಳ್ಳುವುದೂ ಉಂಟು. ಪಂದ್ಯವೆಂಬುದು ದೇಹಬಲದ ಪರೀಕ್ಷೆಯೂ ಹೌದು. ಆದರೆ ನೂರು ಮಂದಿ ಸವಾರರಲ್ಲಿ ಪಂದ್ಯಕ್ಕೆ ಹೋಗುವವರು ಎಷ್ಟು ಮಂದಿ? ಉಳಿದವರೆಲ್ಲ ಊರು ನೋಡಲು, ನೆಂಟರ ಮನೆಗೆ ಹೋಗಲು, ಕೆಲಸಕ್ಕೆ ಹೋಗಲು ಸೈಕಲ್ಲು ತುಳಿಯುವವರು. ಅವರು ಪಂದ್ಯದ ವೀರರನ್ನು ನೋಡಿ ಸೈಕಲ್ಲನ್ನು ಆರಿಸಿಕೊಂಡು ಬವಣೆಪಡುವುದನ್ನು ವೆಲೋಸಿಯೋ ಸಹಿಸದಾದನು. ಸವಾರನ ವಯಸ್ಸು, ಅವನು ಹೊರುವ ಸಾಮಾನು, ಅವನ ದಾರಿಯ ಏರಿಳಿತ, ಇವನ್ನು ನೋಡಿ ಸೈಕಲ್ಲನ್ನು ಆರಿಸಬೇಕೆಂಬುದು ಅವನ ನಿಲುವಾಗಿತ್ತು.

ಟೈರುಗಳ ವಿಷಯದಲ್ಲಿಯೂ ಅವನು ಪ್ರವಾಹಕ್ಕೆದುರಾಗಿ ಈಜಿದನು. ತೆಳುವಾದ, ಗಟ್ಟಿಯಾಗಿ ಗಾಳಿ ತುಂಬಿದ ಟೈರು ವೇಗವಾಗಿ ಓಡುವುದೆಂದು ಎಲ್ಲರೂ ನಂಬಿದ್ದಾಗ, ಕಲ್ಲುದಾರಿಗೆ ಅಗಲವಾದ ಮೆತ್ತನೆಯ ಟೈರೇ ಲೇಸೆಂದನು. ಕೇವಲ 50 ಸೆಂಟಿಮೀಟರ್ ವ್ಯಾಸದ ಚಿಕ್ಕ ಗಾಲಿಗಳಿಗೆ 5 ಸೆಂಟಿಮೀಟರ್ ಅಗಲದ ಟೈರುಗಳನ್ನು ಹಾಕಿ, ಹದಿನೈದು ಸಾವಿರ ಕಿಲೊಮೀಟರುಗಳಿಗೂ ಹೆಚ್ಚು ಓಡಾಡಿ, ದೊಡ್ಡ ಗಾಲಿಗಿಂತ ಅವು ಹಿಂದೆ ಬೀಳುವುದಿಲ್ಲವೆಂದು ಕಂಡುಕೊಂಡನು. ಚಿಕ್ಕ ಗಾಲಿಯೆಂದರೆ ಮಕ್ಕಳ ಆಟಿಗೆಯೆಂದು ಹಿರಿಯರು ನಗುತ್ತಿದ್ದ ಕಾಲವದು. ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಎಂಬ ಇಂಜಿನಿಯರು ಚಿಕ್ಕ ಗಾಲಿಯ ಸೈಕಲ್ಲನ್ನು ಪೇಟೆಗೆ ತಂದು ಹೆಸರುಗಳಿಸಿದುದು 1962ರಲ್ಲಿ. ಇಂದು ಮಡಚಿ ರೈಲಿನಲ್ಲಿ ಕೊಂಡೊಯ್ಯುವ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಇಂಥ ಚಿಕ್ಕ ಗಾಲಿಗಳೇ ಇರುತ್ತವೆ.

ವೆಲೋಸಿಯೋ ಅಂಗಡಿಯಲ್ಲಿ ಕುಳಿತು ಉಪದೇಶ ಮಾಡಿದವನಲ್ಲ. ಈಸ್ಟರ್ ಹಬ್ಬ ಬಂದಿತೆಂದರೆ ಗೆಳೆಯರನ್ನು ಕೂಡಿಕೊಂಡು ರೋನ್ ನದಿಯ ಕಣಿವೆಯನ್ನು ಹಿಡಿದು ತನ್ನ ತೌರುಸೀಮೆಯಾದ ಪ್ರೊವಾನ್ಸಿಗೆ ಹೊರಡುತ್ತಿದ್ದನು. ರಾತ್ರಿಯೆಲ್ಲ ತುಳಿದು ಮುಂಜಾವದ ಬೆಳಕಿನಲ್ಲಿ ಅಪರಿಚಿತ ಊರೊಂದನ್ನು ಕಾಣುವುದು ಅವನಿಗೆ ಬಹು ಪ್ರಿಯವಾಗಿತ್ತು. ಅವನು ಸಸ್ಯಾಹಾರಿ. ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನಬೇಕು, ತಂಗುವುದು ಕೊಂಚ ಹೊತ್ತೇ ಇರಬೇಕು, ಊಟದ ರುಚಿಯೂ ನಿದ್ರೆಯೂ ಕೆಡುವಷ್ಟು ದಣಿಯಬಾರದು, ಪರರ ಮೆಚ್ಚುಗೆಗಾಗಿ ತುಳಿಯಬಾರದು ಎಂಬ ನಿಯಮಗಳನ್ನು ತಾನು ಪಾಲಿಸಿ, ಜೊತೆಗಾರರಿಗೂ ಕಲಿಸಿದನು. ಎಪ್ಪತ್ತು ದಾಟಿದ ಮೇಲೂ ಅವನ ಯಾತ್ರೆಗಳು ನಿಲ್ಲಲಿಲ್ಲ. ಅವನ ಗೌರವಾರ್ಥವಾಗಿ 1922ರಿಂದ ವರ್ಷಕ್ಕೊಂದು ದಿನ ನೂರಾರು ಮಂದಿ ಸವಾರರು ಸೇಂಟ್ ಎಟಿಯೆನ್ ನಗರದಲ್ಲಿ ಕಲೆತು ರೆಪುಬ್ಲೀಕ್ ಘಾಟಿಯನ್ನು ಹತ್ತತೊಡಗಿದರು.

1930ರಲ್ಲಿ, ತನ್ನ 76ನೆಯ ವಯಸ್ಸಿನಲ್ಲಿ, ಅವನು ಸೇಂಟ್ ಎಟಿಯೆನ್ನಿನ ಬೀದಿಯೊಂದನ್ನು ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆದುಕೊಂಡೇ ದಾಟುತ್ತಿದ್ದಾಗ ಟ್ರಾಮ್ ಗಾಡಿಯೊಂದು ಬಡಿದು ಅಸುನೀಗಿದನು. ಗೇರು ಬದಲಿಸುವ ಸಾಧನಕ್ಕೆ ‘ತೂರ್ ದ ಫ್ರಾನ್ಸ್’ ಪಂದ್ಯದಲ್ಲಿ ಒಪ್ಪಿಗೆ ದೊರೆತುದು 1937ರಲ್ಲಿ. ರೆಪುಬ್ಲೀಕ್ ಘಾಟಿಯ ನೆತ್ತಿಯಲ್ಲಿ, ಹಿಂದೊಮ್ಮೆ ಅವನು ಏದುಸಿರು ಬಿಡುತ್ತ ಹತ್ತಿದ ಆ ರಸ್ತೆಯ ಪಕ್ಕದಲ್ಲಿ, ವೆಲೋಸಿಯೋವಿನ ಸ್ಮಾರಕವೊಂದನ್ನು ನಿಲ್ಲಿಸಲಾಗಿದೆ.