ಆವಲಾನಿನ ಹಾಡುಗಾರ ಜಾನ್ ಹರ್ಟ್

ಹೊಳಲ್ಕೆರೆ, ಹೊಸದುರ್ಗದ ಕಡೆಯ ಹಳ್ಳಿಗಳಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವವರನ್ನು ನಾವೆಲ್ಲರೂ ಬಲ್ಲೆವು. ಹಗಲು ಹೊಲದಲ್ಲಿ ದುಡಿದ ಕೈಯೇ ಇರುಳು ತಂತಿ ಮೀಟುತ್ತದೆ. ಅವರಲ್ಲಿ ಎಷ್ಟೋ ಮಂದಿ ಕೇಳಿ ಕೇಳಿಯೇ ಕಲಿತವರು. ಅಂಥವನೇ ಆದ ಒಬ್ಬ ಅಮೆರಿಕದ ಹಾಡುಗಾರನ ಕಥೆಯನ್ನು ಇಲ್ಲಿ ಹೇಳಬಯಸುತ್ತೇನೆ.

ಜಾನ್ ಹರ್ಟ್ ಹುಟ್ಟಿದ್ದು 1890ರ ದಶಕದ ಮೊದಲಲ್ಲಿ, ಮಿಸಿಸಿಪಿ ರಾಜ್ಯದಲ್ಲಿ. ಬೆಳೆದದ್ದು ಆವಲಾನ್ ಎಂಬ ಪುಟ್ಟ ಹಳ್ಳಿಯಲ್ಲಿ. ನಮ್ಮ ಹಿರಿಯೂರು ಸೀಮೆಯ ಎರೆಭೂಮಿಯಂತೆ ಅದೂ ಹತ್ತಿಯ ನಾಡು. ಗುಲಾಮಗಿರಿ 1865ರಲ್ಲಿಯೇ ರದ್ದಾಗಿದ್ದರೂ ಅಲ್ಲಿನ ಕಪ್ಪು ಜನರಲ್ಲಿ ಬಹುಪಾಲು ಮಂದಿಗೆ ಉಳಿದದ್ದು ಪರರ ಹೊಲವನ್ನು ಕೋರಿಗೆ ಮಾಡುವ ಬಾಳು. ಹರ್ಟ್ ಬೇಗನೆ ಶಾಲೆ ಬಿಟ್ಟ. ಒಂಬತ್ತರ ವಯಸ್ಸಿನ ಹೊತ್ತಿಗೆ ಗಿಟಾರನ್ನು ತಾನೇ ಕಲಿಯತೊಡಗಿದ. ಹೆಬ್ಬೆರಳು ಮಂದ್ರದ ತಂತಿಗಳ ಮೇಲೆ ಒಂದೇ ಸಮನೆ ತಾಳ ಹಿಡಿದಿರಲು, ಉಳಿದ ಬೆರಳುಗಳು ಹಾಡಿನ ಧಾಟಿಯನ್ನು ನುಡಿಸುತ್ತಿದ್ದವು. ಇಬ್ಬರು ಕುಳಿತು ನುಡಿಸಿದಂತೆ ಕೇಳುತ್ತದೆ. ಕಂಠವಂತೂ ಅತಿ ಮೃದು. ಮಗುವನ್ನು ಮಲಗಿಸುವವರ ದನಿ.

1928ರಲ್ಲಿ ಓಕೆ ಎಂಬ ಗ್ರಾಮಫೋನ್ ಕಂಪನಿಯವರು ಆತನನ್ನು ಮೊದಲು ಮೆಂಫಿಸ್‌ಗೂ, ಡಿಸೆಂಬರಿನಲ್ಲಿ ನ್ಯೂಯಾರ್ಕಿಗೂ ಕರೆಸಿ ಹಾಡಿಸಿದರು. ಹೊರಬಂದವು ಹನ್ನೆರಡು ಹಾಡುಗಳು, ಆರು ತಟ್ಟೆಗಳು. ಅವು ಹೆಚ್ಚಾಗಿ ಮಾರಾಟವಾಗಲಿಲ್ಲ. 1929ರ ಆರ್ಥಿಕ ಕುಸಿತವೂ ಬಂದಿತು. ಹರ್ಟ್ ಊರಿಗೆ ಮರಳಿ ಹೊಲದ ಕೆಲಸಕ್ಕೆ ನಿಂತ. ಮೂವತ್ತೈದು ವರ್ಷ ಹೊರಗಿನವರಾರೂ ಆತನನ್ನು ವಿಚಾರಿಸಲಿಲ್ಲ.

1952ರಲ್ಲಿ ಹ್ಯಾರಿ ಸ್ಮಿತ್ ಎಂಬವರು ಹಳೆಯ ತಟ್ಟೆಗಳಿಂದ ಆರಿಸಿದ ಜನಪದ ಗೀತೆಗಳ ಸಂಗ್ರಹದಲ್ಲಿ ಹರ್ಟನ ಎರಡು ಹಾಡುಗಳಿದ್ದವು. ಕೇಳಿದವರು ಬೆರಗಾದರು, ಆದರೆ ಆತ ಎಲ್ಲಿದ್ದಾನೆಂದು ಯಾರಿಗೆ ಗೊತ್ತು? ನ್ಯೂಯಾರ್ಕಿನಲ್ಲಿ ಹಾಡಿದ ಒಂದು ಪದದಲ್ಲಿ ಹರ್ಟ್ ತನ್ನ ಊರಿನ ಹೆಸರನ್ನು ಹೇಳಿದ್ದ. ಅದನ್ನೇ ಹಿಡಿದು, ಹಳೆಯ ಭೂಪಟದಲ್ಲಿ ಆವಲಾನನ್ನು ಹುಡುಕಿ, 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಯುವಕ ಅಲ್ಲಿಗೆ ಹೋದ. ಹರ್ಟ್ ಅಲ್ಲಿಯೇ ಇದ್ದ! ಎಪ್ಪತ್ತರ ಮುದುಕ, ಕೈಯಲ್ಲಿ ಅದೇ ಹಳೆಯ ಬೆಡಗು. ಆ ವರ್ಷವೇ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಸಾವಿರಾರು ಜನ ಆತನನ್ನು ಕೇಳಿದರು. ಹೊಸ ಧ್ವನಿಮುದ್ರಣಗಳೂ ಆದವು. ಆದರೆ ಈ ಭಾಗ್ಯ ಮೂರೇ ವರ್ಷದ್ದು. 1966ರ ನವೆಂಬರ್ 2ರಂದು ಆತ ತೀರಿಕೊಂಡ.

ಆ ಒಂದು ಪದದಲ್ಲಿ ಊರಿನ ಹೆಸರು ಇರದಿದ್ದರೆ? ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ನಮ್ಮ ತಾತನೂ ಕೂಲಿ ಮಾಡುತ್ತಲೇ ಪದ ಹಾಡುತ್ತಿದ್ದ. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ನೂರಾರು ಪದಗಳು ಬಾಯಲ್ಲೇ ಇದ್ದವು. ಮನೆಯಲ್ಲಿ ಮೊಬೈಲ್ ಇತ್ತು, ಗುಂಡಿ ಒತ್ತಿದ್ದರೆ ಸಾಕಿತ್ತು. ಅವನು ಹೋದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅದು ತೋಚಲೇ ಇಲ್ಲ. ಈಗ ಪದವಿಯ ಕೊನೆಯ ವರ್ಷದಲ್ಲಿದ್ದೇನೆ, ಅವನ ಒಂದು ಪದವೂ ನನಗೆ ಪೂರ್ತಿ ಬಾರದು.

ಬರುವ ರಜೆಯಲ್ಲಿ ಊರಿನ ಭಜನೆಯವರ ಬಳಿ ಹೋಗಿ, ಅವರು ಒಪ್ಪಿದರೆ, ಹಾಡುಗಳನ್ನು ಮುದ್ರಿಸಿಕೊಳ್ಳಬೇಕೆಂದಿದ್ದೇನೆ. ಗೆಳೆಯರೂ ತಮ್ಮ ತಮ್ಮ ಊರುಗಳಲ್ಲಿ ಹೀಗೆಯೇ ಮಾಡಬೇಕೆಂದು ನನ್ನ ಕೋರಿಕೆ. ಹಾಡಿದವರ ಹೆಸರನ್ನೂ ಊರನ್ನೂ ಬರೆದಿಡಲು ಮರೆಯಬೇಡಿ.