ಫ್ಲಾರೆನ್ಸ್ ನೈಟಿಂಗೇಲ್: ರೋಗಿಯನ್ನು ಕೇಳಿ ತಿಳಿದ ದಾದಿ

ನಮ್ಮ ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳ್ಳಿಗಳಲ್ಲಾಗಲಿ ಒಬ್ಬರು ಬೇನೆಬಿದ್ದರೆಂದು ಕೇಳಿದ ಕೂಡಲೇ ನೆರೆಯವರೂ ಸಭೆಯವರೂ ನೋಡಲು ಹೋಗುವದುಂಟು. ಬಾಗಿಲಲ್ಲಿ ನಿಂತು, ಆರಾಮವೇ ಎಂದು ಕೇಳುವೆವು. ಮಲಗಿದವನು ಆರಾಮ ಎನ್ನುವನು. ರಾತ್ರಿಯೆಲ್ಲಾ ಕಣ್ಣುಮುಚ್ಚದೆ ನರಳಿದವನೂ ಹಾಗೆಯೇ ಅನ್ನುವನು. ಯಾಕಂದರೆ ಕೇಳಿದವರಿಗೆ ಹಾಗನ್ನುವದು ನಮ್ಮ ನಾಡಿನ ಮರ್ಯಾದೆ. ನೋಡಬಂದವರ ಮಟ್ಟಿಗೆ ಇದರಿಂದ ಹೆಚ್ಚಿನ ಕೇಡಿಲ್ಲ. ಆದರೆ ನರ್ಸಬಾಯಿಯೂ ಹೀಗೆಯೇ ಕೇಳಿ, ಇದೇ ಉತ್ತರವನ್ನು ಬರೆದುಕೊಂಡು ಹೋದರೆ ಆ ರೋಗಿಯ ಗತಿ ಏನಾದೀತು? ಪ್ರಶ್ನೆ ತಪ್ಪಾದರೆ ಉತ್ತರವೂ ತಪ್ಪಾಗುವದು. ಉತ್ತರ ತಪ್ಪಾದರೆ ಔಷಧವೂ ತಪ್ಪಾಗಬಹುದು. ಈ ಸಂಗತಿಯನ್ನು ಲೋಕಕ್ಕೆ ಸ್ಪಷ್ಟವಾಗಿ ತಿಳಿಸಿದವಳು ಫ್ಲಾರೆನ್ಸ್ ನೈಟಿಂಗೇಲ್. ಆಕೆಯು ಕೈಯಲ್ಲಿ ಹಿಡಿದ ದೀಪವನ್ನು ಎಲ್ಲರೂ ಬಲ್ಲರು. ಆಕೆಯು ಕೇಳಲು ಕಲಿಸಿದ ಪ್ರಶ್ನೆಗಳನ್ನು ಬಲ್ಲವರು ಕಡಿಮೆ. ಆದ ಕಾರಣ ಆಕೆಯ ಜೀವಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಆಕೆಯು 1820ನೆಯ ಇಸವಿಯ ಮೇ 12ರಂದು ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಹುಟ್ಟಿದಳು. ಆ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆತಾಯಿಗಳು ಇಂಗ್ಲೆಂಡಿನ ಐಶ್ವರ್ಯವಂತರು. ತಂದೆಯು ತಾನೇ ಮಗಳಿಗೆ ಗ್ರೀಕ್, ಲ್ಯಾಟಿನ್ ಭಾಷೆಗಳನ್ನೂ ಚರಿತ್ರೆಯನ್ನೂ ಕಲಿಸಿದನು. ಆಕೆಗೆ ಗಣಿತದಲ್ಲಿ ಬಹಳ ಪ್ರೀತಿ. 1837ನೆಯ ಇಸವಿಯ ಫೆಬ್ರವರಿ 7ರಂದು, ಹದಿನಾರು ವರ್ಷದವಳಿರುವಾಗ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆಗೆ ನಿಶ್ಚಯವಾಯಿತು. ಆ ಸೇವೆಯು ರೋಗಿಗಳ ಶುಶ್ರೂಷೆಯೇ ಎಂಬದು ಕೆಲವು ವರ್ಷಗಳ ತರುವಾಯ ತಿಳಿಯಿತು. ಮನೆಯವರು ಇದನ್ನು ಕೇಳಿ ಬೆದರಿದರು. ಅಂದಿನ ಆಸ್ಪತ್ರೆಗಳ ದಾದಿಯರು ಕುಡುಕರೂ ನಡತೆಗೆಟ್ಟವರೂ ಎಂದು ಹೆಸರಾಗಿದ್ದ ಕಾರಣ, ಕುಲೀನರ ಮಗಳು ಅಲ್ಲಿ ಕಾಲಿಡುವದು ದೊಡ್ಡ ಅವಮಾನವೆಂದು ಅವರ ಎಣಿಕೆ. ಆಕೆಯು ಯೋಗ್ಯನಾದ ವರನನ್ನೂ ಬೇಡವೆಂದು, ವರ್ಷಗಟ್ಟಲೆ ತಾಳ್ಮೆಯಿಂದ ಕಾದಳು.

ಕಡೆಗೆ 1851ರಲ್ಲಿ ಜರ್ಮನಿಯ ರೈನ್ ನದಿಯ ದಂಡೆಯ ಕೈಸರ್ಸ್‌ವೆರ್ತ್ ಎಂಬ ಊರಿಗೆ ಹೋಗಿ ಮೂರು ತಿಂಗಳು ಇದ್ದಳು. ಅಲ್ಲಿ ಫ್ಲೀಡ್ನರ್ ಎಂಬ ಪಾದ್ರಿಯವರು 1836ರಲ್ಲಿ ಸೇವಕಿಯರ ಮಂದಿರವನ್ನೂ ಆಸ್ಪತ್ರೆಯನ್ನೂ ಸ್ಥಾಪಿಸಿದ್ದರು. ಆ ಆಸ್ಪತ್ರೆಯ ಶುಚಿತ್ವವು ಆಕೆಯ ಮನಸ್ಸಿಗೆ ಒಪ್ಪಲಿಲ್ಲ. ಆದರೆ ಅಲ್ಲಿಯ ಸಾಮಾನ್ಯ ಮನೆತನದ ಹೆಣ್ಣುಮಕ್ಕಳು ರೋಗಿಗಳೊಂದಿಗೆ ನಡೆದುಕೊಂಡ ರೀತಿಯನ್ನು ಆಕೆಯು ಮರೆಯಲಿಲ್ಲ. 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆಯು ದೊರೆತಾಗ, ಬಿಸಿನೀರು ಕೊಳವೆಯಿಂದ ಮೇಲಂತಸ್ತಿಗೆ ಏರುವಂತೆಯೂ ಊಟವು ರಾಟೆಯಿಂದ ಮೇಲೆ ಬರುವಂತೆಯೂ ಮಾಡಿಸಬೇಕೆಂದು ಹಟಹಿಡಿದಳು. ದಾದಿಯ ಕಾಲುಗಳು ಮೆಟ್ಟಿಲುಗಳಲ್ಲಿ ಸವೆಯಬಾರದು, ಆಕೆಯು ರೋಗಿಯ ಬಳಿಯಲ್ಲಿರಬೇಕು ಎಂಬದೇ ಇದರ ಕಾರಣ.

ಮರುವರ್ಷ ಇಂಗ್ಲೆಂಡು, ಫ್ರಾನ್ಸುಗಳು ತುರ್ಕರೊಡನೆ ಕೂಡಿ ರಶಿಯದ ಮೇಲೆ ಕ್ರಿಮಿಯದಲ್ಲಿ ಯುದ್ಧಮಾಡುತ್ತಿದ್ದವು. ಗಾಯಪಟ್ಟ ಸಿಪಾಯಿಗಳ ದುರವಸ್ಥೆಯನ್ನು ವರ್ತಮಾನ ಪತ್ರಗಳಲ್ಲಿ ಓದಿ ಜನರು ಕಳವಳಪಟ್ಟರು. ಸರಕಾರದ ಕೋರಿಕೆಯಂತೆ ಆಕೆಯು 38 ಮಂದಿ ಸ್ತ್ರೀಯರನ್ನು ಕರೆದುಕೊಂಡು ಹೊರಟು, 1854ರ ನವೆಂಬರ್ 4ರಂದು ಇಸ್ತಂಬೂಲಿನ ಎದುರಿಗಿರುವ ಸ್ಕುಟಾರಿಯನ್ನು ಮುಟ್ಟಿದಳು. ಅಲ್ಲಿಯ ದೊಡ್ಡ ಸೈನಿಕ ವಸತಿಯೇ ಆಸ್ಪತ್ರೆಯಾಗಿತ್ತು. ಹಾಸಿಗೆ, ಅಂಗಿ, ಸಾಬೂನು, ಪಾತ್ರೆ ಒಂದೂ ಸಾಲದು; ಎಲ್ಲೆಲ್ಲಿಯೂ ಹೊಲಸು. ಆಕೆಯು ಹಗಲೆಲ್ಲಾ ದುಡಿದು, ರಾತ್ರಿ ದೀಪ ಹಿಡಿದು ಸಾಲುಸಾಲಾದ ಹಾಸಿಗೆಗಳ ನಡುವೆ ನಡೆಯುವಳು. ಬರೆಯಲಾರದವರ ಪರವಾಗಿ ಅವರ ತಾಯಂದಿರಿಗೂ ಹೆಂಡಂದಿರಿಗೂ ಕಾಗದ ಬರೆಯುವಳು. ಸಾಯುವವನು ಕಡೆಗೆ ಆಡಿದ ಮಾತನ್ನು ಕೇಳಿಕೊಂಡು ಅವನ ಮನೆಗೆ ತಿಳಿಸುವಳು. ಸಂಬಳದ ಹಣವನ್ನು ಊರಿಗೆ ಕಳುಹಿಸುವ ಏರ್ಪಾಡನ್ನೂ ಮಾಡಿಕೊಟ್ಟಳು. ಸಿಪಾಯಿಗಳು ಕುಡಿತದಲ್ಲಿ ಹಣ ಕಳೆಯುವರೇ ಹೊರತು ಮನೆಗೆ ಕಳುಹಿಸಲಾರರೆಂದು ಮೇಲಧಿಕಾರಿಗಳು ತಿಳಿದಿದ್ದರು; ಆಕೆಯಾದರೋ ಅವರ ಮನಸ್ಸಿನಲ್ಲಿದ್ದದ್ದನ್ನು ಅವರಿಂದಲೇ ತಿಳಿದುಕೊಂಡಿದ್ದಳು.

ಆದರೂ ಇಲ್ಲಿ ಒಂದು ಕಹಿಯಾದ ಸಂಗತಿಯನ್ನು ಮುಚ್ಚಿಡಬಾರದು. ಇಷ್ಟು ಪ್ರೀತಿಯ ಶುಶ್ರೂಷೆ ನಡೆಯುತ್ತಿದ್ದಾಗಲೂ ಜನರು ಸಾಯುತ್ತಲೇ ಇದ್ದರು; ಗಾಯದಿಂದ ಸತ್ತವರಿಗಿಂತ ಜ್ವರ, ಭೇದಿಗಳಿಂದ ಸತ್ತವರೇ ಹೆಚ್ಚು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆಗೆ ಬಂದ ನೂರು ಮಂದಿಯಲ್ಲಿ ಸುಮಾರು 42 ಮಂದಿ ತೀರಿಹೋದರು. ಮಾರ್ಚಿನಲ್ಲಿ ಆರೋಗ್ಯ ಆಯೋಗದವರು ಬಂದು, ಕಟ್ಟಡದ ಕೆಳಗೆ ಕಟ್ಟಿಕೊಂಡಿದ್ದ ಚರಂಡಿಗಳನ್ನು ತೊಳೆಸಿ, ನೀರನ್ನು ಶುದ್ಧಮಾಡಿಸಿ, ಗಾಳಿ ಆಡುವಂತೆ ಮಾಡಿಸಿದರು. ಜೂನ್ ತಿಂಗಳ ಹೊತ್ತಿಗೆ ಆ ಸಂಖ್ಯೆಯು ನೂರಕ್ಕೆ ಎರಡಕ್ಕೆ ಇಳಿಯಿತು. ಯುದ್ಧವು ಮುಗಿದು 1856ರಲ್ಲಿ ಊರಿಗೆ ಹಿಂದಿರುಗಿದ ಮೇಲೆ ಆಕೆಯು ಈ ಅಂಕೆಗಳನ್ನು ವಿಲಿಯಂ ಫಾರ್ ಎಂಬ ಲೆಕ್ಕಶಾಸ್ತ್ರಜ್ಞನ ಸಹಾಯದಿಂದ ಪರೀಕ್ಷಿಸಿದಳು. ಆಗ, ತಾನು ರಾತ್ರಿಹಗಲು ಸೇವೆಮಾಡಿದ ಆಸ್ಪತ್ರೆಯೇ ಅನೇಕರ ಮರಣಕ್ಕೆ ಕಾರಣವಾಗಿತ್ತೆಂಬದು ಕಣ್ಣಿಗೆ ಕಟ್ಟಿತು. ಬೇರೆಯವರಾಗಿದ್ದರೆ ಹೊಗಳಿಕೆಯ ಮರೆಯಲ್ಲಿ ಇದನ್ನು ಅಡಗಿಸುತ್ತಿದ್ದರು. ಆಕೆಯು ಅಡಗಿಸದೆ ಚಿತ್ರಪಟ ಬರೆದು ಎಲ್ಲರಿಗೂ ತೋರಿಸಿದಳು. ಮರುಕವೊಂದೇ ಸಾಲದು, ನಿಜವನ್ನು ತಿಳಿಯಬೇಕು. ನಿಜವನ್ನು ತಿಳಿಯಬೇಕಾದರೆ ಕೇಳಲೂ ನೋಡಲೂ ಕಲಿಯಬೇಕು ಎಂಬದು ಆಕೆಯ ಜೀವಮಾನದ ಪಾಠವಾಯಿತು.

ಎರಡನೆಯ ಪಾಠವು ಹಾಸಿಗೆಯಲ್ಲಿ ದೊರೆಯಿತು. ಕ್ರಿಮಿಯದಲ್ಲಿ ತಗಲಿದ ಜ್ವರದಿಂದ ಆಕೆಯ ದೇಹವು ಮುರಿದುಹೋಗಿತ್ತು. 1857ರಿಂದ ಅನೇಕ ವರ್ಷ ಬಹುಮಟ್ಟಿಗೆ ಕೋಣೆ ಬಿಟ್ಟು ಏಳಲಾರದವಳಾದಳು. ರೋಗಿಗಳನ್ನು ನೋಡಿಕೊಂಡವಳು ತಾನೇ ರೋಗಿಯಾಗಿ, ನೋಡಬಂದವರ ಮಾತುಗಳು ಮಲಗಿದವರಿಗೆ ಎಷ್ಟು ಭಾರವಾಗುವವೆಂಬದನ್ನು ಅನುಭವಿಸಿದಳು. ಆ ಸ್ಥಿತಿಯಲ್ಲಿ ಶುಶ್ರೂಷೆಯ ವಿಷಯವಾಗಿ ಆಕೆಯು ಬರೆದ ಚಿಕ್ಕ ಪುಸ್ತಕವು 1860ರ ಹೊತ್ತಿಗೆ ಹೊರಬಿದ್ದಿತು. 1861ರಲ್ಲಿ ಕೂಲಿಕಾರರ ಮನೆಗಳಿಗೆಂದು ಕಡಿಮೆ ಬೆಲೆಯ ಮುದ್ರಣವೂ ಆಯಿತು.

ಆ ಪುಸ್ತಕದಲ್ಲಿ ರೋಗಿಯನ್ನು ಹೇಗೆ ಕೇಳಬೇಕೆಂಬದನ್ನು ಆಕೆಯು ವಿವರವಾಗಿ ತಿಳಿಸಿದ್ದಾಳೆ. ಉತ್ತರವನ್ನು ತಾನೇ ಬಾಯಿಗಿಡುವಂಥ ಪ್ರಶ್ನೆಯಿಂದ ಏನೂ ತಿಳಿಯದು. ರಾತ್ರಿ ಚೆನ್ನಾಗಿ ಕಳೆಯಿತೋ ಎಂದು ಕೇಳಿದರೆ, ದಿನಾಲು ಹತ್ತು ತಾಸು ಮಲಗುವವನು ಒಂದು ಸಾರಿ ಎಚ್ಚರವಾದದ್ದಕ್ಕೇ ಇಲ್ಲವೆನ್ನುವನು. ತೂಕಡಿಸಿದಷ್ಟೇ ಸಾಕೆನ್ನುವವನು ಹೌದೆನ್ನುವನು. ಐದು ದಿನ ರಾತ್ರಿಹಗಲು ಕಣ್ಣುಮುಚ್ಚದೆ ಅದರಿಂದಲೇ ಸತ್ತವನ ವಿಷಯದಲ್ಲಿಯೂ, ಎಂದಿನ ಹಾಗೆ ಒಂದೇ ಸಮನೆ ನಿದ್ರಿಸದಿದ್ದ ಇನ್ನೊಬ್ಬನ ವಿಷಯದಲ್ಲಿಯೂ ಒಂದೇ ಉತ್ತರ ಬಂದದ್ದನ್ನು ಆಕೆಯು ಬಲ್ಲಳು. ಆದ್ದರಿಂದ ಎಷ್ಟು ತಾಸು ನಿದ್ರೆಬಂತು, ಯಾವ ಹೊತ್ತಿನಲ್ಲಿ ಬಂತು ಎಂದು ಕೇಳತಕ್ಕದ್ದು. ಊಟದ ವಿಷಯದಲ್ಲಿಯೂ ಹಾಗೆಯೇ. ರೋಗಿಯು ಉಣ್ಣದಿದ್ದರೆ ಹಸಿವಿಲ್ಲವೆಂದು ತೀರ್ಮಾನಿಸಬಾರದು. ಅಡಿಗೆ ಕೆಟ್ಟಿರಬಹುದು, ಪದಾರ್ಥವು ಅವನಿಗೆ ಸೇರದಿರಬಹುದು, ಕೊಟ್ಟ ಹೊತ್ತು ತಪ್ಪಾಗಿರಬಹುದು, ಅಥವಾ ಹಸಿವೇ ಇಲ್ಲದಿರಬಹುದು. ಜೋಳದ ರೊಟ್ಟಿ ಉಂಡು ಬೆಳೆದ ನಮ್ಮ ಮುಂಡರಗಿ ಸೀಮೆಯ ಹೆಣ್ಣುಮಗಳು ಆಸ್ಪತ್ರೆಯ ಬ್ರೆಡ್ಡನ್ನು ಮುಟ್ಟದಿದ್ದರೆ, ಅದು ರೋಗವೋ ರೂಢಿಯೋ ಎಂಬದನ್ನು ಅವಳನ್ನು ಕೇಳದೆ ತಿಳಿಯುವದು ಹೇಗೆ?

ಮಾತಾಡುವ ಕ್ರಮಕ್ಕೂ ಆಕೆಯು ನಿಯಮಗಳನ್ನಿಟ್ಟಳು. ರೋಗಿಯ ಹಿಂದಿನಿಂದಲೂ ಬಾಗಿಲಿನಿಂದಲೂ ದೂರದಿಂದಲೂ ಮಾತಾಡಬಾರದು. ಅವನು ಕತ್ತು ತಿರುಗಿಸದೆ ಮುಖ ಕಾಣುವಂತೆ ಎದುರಿಗೆ ಕುಳಿತುಕೊಳ್ಳಬೇಕು, ಅವಸರವನ್ನು ತೋರಿಸಬಾರದು. ನಡೆಯುತ್ತಿರುವ ರೋಗಿಯನ್ನು ತಡೆದು ನಿಲ್ಲಿಸಿ ಪ್ರಶ್ನೆ ಕೇಳಬಾರದು. ಬಾಗಿಲಾಚೆ ಪಿಸುಗುಟ್ಟಬಾರದು; ಯಾಕಂದರೆ ಅದು ತನ್ನ ವಿಷಯವೇ ಎಂದು ಅವನು ಕಿವಿಗೊಟ್ಟು ದಣಿಯುವನು. ಏನೂ ತಿಳಿಯದೆ, ಬೇಗ ವಾಸಿಯಾಗುವದೆಂದು ಪೊಳ್ಳು ಧೈರ್ಯ ಹೇಳುವವರನ್ನು ಆಕೆಯು ಬಲವಾಗಿ ಖಂಡಿಸಿದಳು. ಅಂಥ ಮಾತಿನಿಂದ ರೋಗಿಯು ತನ್ನ ಭಯವನ್ನು ನುಂಗಿಕೊಂಡು, ಎಲ್ಲರ ನಡುವೆಯೂ ಒಬ್ಬಂಟಿಗನಾಗುವನು. ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ಕೂತಾಗ ತಪ್ಪಲಿಲ್ಲ, ಬಾಯಿ ತೆರೆದ ಮೇಲೆ ತಪ್ಪಿದರೆಂಬದನ್ನು ವಾಚಕರು ನೆನಸಬಹುದು.

1860ರಲ್ಲಿ, ಜನರು ಕೃತಜ್ಞತೆಯಿಂದ ಕೂಡಿಸಿದ ಹಣದಿಂದ, ಲಂಡನ್ನಿನ ಸಂತ ತೋಮನ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯು ಆರಂಭವಾಯಿತು. ಹಾಸಿಗೆಯಿಂದಲೇ ಆಕೆಯು ಹಿಂದುಸ್ಥಾನದ ಚಿಂತೆಯನ್ನೂ ಹೊತ್ತಳು. ಈ ದೇಶವನ್ನು ಎಂದೂ ಕಾಣದವಳಾದರೂ ಇಲ್ಲಿಯ ದಂಡುಪೇಟೆಗಳಿಗೆಲ್ಲಾ ಪ್ರಶ್ನೆಗಳ ಪಟ್ಟಿಯನ್ನು ಕಳುಹಿಸುವಂತೆ ಮಾಡಿ, ಬಂದ ಉತ್ತರಗಳ ರಾಶಿಯನ್ನು ಓದಿ, 1863ರ ರಾಜ ಆಯೋಗದ ವರದಿಗೆ ತನ್ನ ವಿಮರ್ಶೆಯನ್ನು ಬರೆದಳು. ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ಹೇಳುತ್ತಿದ್ದ 1876-78ರ ಮಹಾಕ್ಷಾಮವು ನಮ್ಮ ಸೀಮೆಯನ್ನೂ ಹಾಳುಮಾಡಿದಾಗ, ಹಿಂದುಸ್ಥಾನದ ರೈತರ ದುಃಖವನ್ನು ಕುರಿತು ಇಂಗ್ಲೆಂಡಿನ ಪತ್ರಿಕೆಯಲ್ಲಿ ಬರೆದಳು. ಹಳ್ಳಿಗಳ ಶುಚಿತ್ವದ ವಿಷಯವಾಗಿ ಪುಣೆಯ ಸಾರ್ವಜನಿಕ ಸಭೆಯೊಂದಿಗೂ ಪತ್ರವ್ಯವಹಾರ ನಡಿಸಿದಳು.

ವೃದ್ಧಾಪ್ಯದಲ್ಲಿ, 1892ರ ಸುಮಾರಿಗೆ, ಇಂಗ್ಲೆಂಡಿನ ಬಕಿಂಗ್‌ಹ್ಯಾಮ್ ಸೀಮೆಯ ಹಳ್ಳಿಗಳಿಗೆ ಆರೋಗ್ಯ ಬೋಧಕಿಯರನ್ನು ತರಬೇತುಗೊಳಿಸುವ ಕೆಲಸಕ್ಕೆ ಕೈಹಾಕಿದಳು. ಇವರು ಮನೆಗಳಿಗೆ ಹೋಗಿ ತಾಯಂದಿರಿಗೆ ಆರೋಗ್ಯದ ಸಂಗತಿಗಳನ್ನು ತಿಳಿಸತಕ್ಕವರು. ಅವರು ತನಿಖೆಯವರ ಹಾಗೆ ನುಗ್ಗಬಾರದು, ಮೇಲೆ ನಿಂತು ಉಪದೇಶಿಸಬಾರದು. ಮೊದಲು ಮನೆಯಾಕೆಯ ಸ್ನೇಹವನ್ನು ಗಳಿಸಿ, ಅವಳ ಕಷ್ಟವನ್ನು ತಿಳಿದು, ತರುವಾಯ ಹೇಳಬೇಕೆಂಬದು ಆಕೆಯ ಅಪ್ಪಣೆ. ಇಂದು ನಮ್ಮ ಹಳ್ಳಿಗಳ ಉಪಕೇಂದ್ರಗಳಲ್ಲಿ ನರ್ಸಿಂಗ್ ಕಲಿತವರೇ ಮೊದಲು ರೋಗಿಯ ಮಾತು ಕೇಳುವ ಸಂದರ್ಭಗಳು ಬಹಳ. ಅವರಿಗೆ ಈಗ ಕಲಿಸುವ ಪಾಠವೂ ಇದಕ್ಕೆ ಸಮೀಪವಾದದ್ದೇ: ರೋಗಿಯು ತನ್ನ ಮಾತಿನಲ್ಲಿ ಹೇಳುವದಕ್ಕೆ ಬಿಡಬೇಕು, ನಡುವೆ ತಡೆಯಬಾರದು, ಕೇಳಿದ್ದನ್ನು ತಿರುಗಿ ಹೇಳಿ, ಸರಿಯೋ ಎಂದು ವಿಚಾರಿಸಬೇಕು, ಔಷಧ ಕೊಟ್ಟ ಮೇಲೆ, ಅದನ್ನು ಹೇಗೆ ತೆಗೆದುಕೊಳ್ಳುವಿರೆಂದು ರೋಗಿಯ ಬಾಯಿಂದಲೇ ಹೇಳಿಸಬೇಕು.

ಆಕೆಯ ಕಣ್ಣುಗಳು ಕಡೆಕಡೆಗೆ ಮಂಜಾದವು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ರಾಜಗೌರವವು ದೊರೆಯಿತು. ಸ್ತ್ರೀಯರಲ್ಲಿ ಅದನ್ನು ಪಡೆದವರಲ್ಲಿ ಆಕೆಯೇ ಮೊದಲಿನವಳು. 1910ನೆಯ ಇಸವಿಯ ಆಗಸ್ಟ್ 13ರಂದು ತೊಂಭತ್ತು ವರ್ಷದವಳಾಗಿ ನಿದ್ರೆಹೋದಳು. ವೆಸ್ಟ್‌ಮಿನ್ಸ್ಟರ್ ದೇವಾಲಯದಲ್ಲಿ ಹೂಳುವ ಗೌರವವನ್ನು ಮನೆಯವರು ಬೇಡವೆಂದರು. ಊರ ಗುಡಿಯ ಅಂಗಳದಲ್ಲಿ, ಹೆಸರಿನ ಎರಡು ಮೊದಲಕ್ಷರಗಳೂ ಹುಟ್ಟಿದ ಸತ್ತ ತಾರೀಖುಗಳೂ ಮಾತ್ರ ಇರುವ ಕಲ್ಲಿನ ಕೆಳಗೆ ಆಕೆಯನ್ನು ಇಟ್ಟರು.

ವಾಚಕರೇ, ನಮ್ಮಲ್ಲಿ ಎಲ್ಲರೂ ನರ್ಸಬಾಯಿಯರಲ್ಲ. ಆದರೆ ಎಲ್ಲರ ಮನೆಯಲ್ಲಿಯೂ ಒಂದು ದಿನ ರೋಗಿಯ ಹಾಸಿಗೆ ಬೀಳುವದು. ಅನೇಕ ಮನೆಗಳಲ್ಲಿ ಸೊಸೆಯ ಬೇನೆಯನ್ನು ಅತ್ತೆಯೇ ಹೇಳುವಳು, ಹೆಂಡತಿಯ ಬೇನೆಯನ್ನು ಗಂಡನೇ ಹೇಳುವನು. ಬೇನೆಯುಳ್ಳವಳು ಮೂಲೆಯಲ್ಲಿ ಸುಮ್ಮನಿರುವಳು. ಮುಂದಿನ ಸಾರಿ ಅಂಥ ಮನೆಗೆ ಹೋದಾಗ ಬಾಗಿಲಲ್ಲಿ ನಿಲ್ಲದೆ ಒಳಗೆ ಹೋಗಿ, ಅವಳಿಗೆ ಕಾಣುವಂತೆ ಕುಳಿತು, ರಾತ್ರಿ ಎಷ್ಟು ತಾಸು ನಿದ್ರೆಬಂತೆಂದು ಅವಳನ್ನೇ ಕೇಳಿರಿ. ಉತ್ತರವು ಬೇಗ ಬಾರದಿದ್ದರೆ ಕಾಯಿರಿ.